ಟೀಚರೂ ಸಿಸ್ಟರೂ ಜೂಡೋ ಕಲಿತದ್ದು

ಐವತ್ತರ ಹತ್ತಿರ ಬಂದ ಹೆಂಗಸರ ಬದುಕಿನಲ್ಲಿ ಸಾಮಾನ್ಯವಾಗಿ ಮಂಡಿನೋವು, ಮಗಳ ಮದುವೆ, ಕಾಶಿಯಾತ್ರೆ ಮುಂತಾದ ಮರ್ಯಾದಸ್ಥ ಸಂಗತಿಗಳು ನಡೆಯುತ್ತವೆ. ನನ್ನ ಪಾಲಿಗೆ ಬರುವುದು ಮಾತ್ರ ಯಾರ ಹತ್ತಿರವೂ ಗಂಭೀರವಾಗಿ ಹೇಳಿಕೊಳ್ಳಲಾಗದಂಥವು. ನಾನಾಗಿ ಹುಡುಕಿಕೊಂಡು ಹೋಗುವುದಿಲ್ಲ. ಅವೇ ವಿಳಾಸ ಕೇಳಿಕೊಂಡು ಬರುತ್ತವೆ.

ಇದು ಸುರುವಾದದ್ದು ನನ್ನ ಅಕ್ಕ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ. ಆಪರೇಶನ್ ಮಾಡಿದ ಡಾಕ್ಟರು ಅಕ್ಕನನ್ನು ನೋಡಿ ಮುಗಿಸಿ ನನ್ನತ್ತ ತಿರುಗಿ, ನಿಮ್ಮದೂ ಅದೇ ಮನೆತನದ ಮೂಳೆ, ನೀವು ಬೀಳಲೇಬಾರದು ಎಂದರು. ಬೀಳದೆ ಇರುವುದು ಹೇಗೆ ಎಂದು ಕೇಳಿದೆ. ಜಾಗ್ರತೆಯಾಗಿರಿ ಎಂದರು. ಇಷ್ಟು ಹೇಳಲು ಅವರು ಹತ್ತಾರು ವರ್ಷ ಓದಿದ್ದರು.

ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವವಳು. ಅಕ್ಕನ ಸ್ಥಿತಿ ನೋಡಿದ ಮೇಲೆ ಮೆಟ್ಟಿಲು ಕಂಡರೂ ಎದೆ ಹೊಡೆದುಕೊಳ್ಳುತ್ತಿತ್ತು. ಸ್ಟಾಫ್‌ರೂಮಿನಲ್ಲಿ ಇದನ್ನು ಹೇಳಿಕೊಂಡಾಗ ನಮ್ಮ ಪಿ.ಟಿ. ಮಾಸ್ಟರು, ಸಂಜೆ ಕುದ್ರೋಳಿಯಲ್ಲಿ ಜೂಡೋ ಕ್ಲಾಸ್ ನಡೆಸ್ತೇನೆ, ಅಲ್ಲಿ ಮೊದಲು ಕಲಿಸುವುದೇ ಬೀಳ್ಲಿಕ್ಕೆ, ಬನ್ನಿ ಎಂದರು. ಈ ಮಾಸ್ಟರು ಬರೆದ ಕ್ರೀಡಾಕೂಟದ ವರದಿಯನ್ನು ಪ್ರತಿ ವರ್ಷ ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದವಳು ನಾನು. ಅವರು ಅಷ್ಟು ಅಕ್ಕರೆಯಿಂದ ಕರೆದಾಗಲೇ ನನಗೆ ಸಂಶಯ ಬರಬೇಕಿತ್ತು.

ಅಧ್ಯಕ್ಷರಿಲ್ಲದ ಗೋಷ್ಠಿ

ತೆಂಗಿನೆಣ್ಣೆ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಕ್ಲಾಸು. ಕಲಿಯುವವರೆಲ್ಲ ಹೈಸ್ಕೂಲು, ಪಿಯುಸಿ ಮಕ್ಕಳು. ಬಿಳಿಯ ದಪ್ಪ ಕೋಟು ಹಾಕಿ ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ನಾನು ಒಳಗೆ ಕಾಲಿಟ್ಟಾಗ ಅವರು ಎದ್ದು ನಿಂತು ನಮಸ್ಕರಿಸಿದರು, ಉದ್ಘಾಟನೆಗೆ ಬಂದವರು ಎಂದುಕೊಂಡು.

ಮೊದಲ ಕೆಲವು ವಾರ ಬೀಳುವುದೇ ಪಾಠ. ಗಲ್ಲ ಎದೆಗೆ ಒತ್ತಿಕೊಳ್ಳಬೇಕು, ಉಸಿರು ಬಿಡಬೇಕು, ಬೆನ್ನು ಮ್ಯಾಟಿಗೆ ತಾಗುವ ಹೊತ್ತಿಗೆ ಕೈಯನ್ನು ಚಾಚಿ ಮ್ಯಾಟಿಗೆ ಬಡಿಯಬೇಕು. ಎಂ.ಎ.ಯಲ್ಲಿ ರ‍್ಯಾಂಕ್ ಪಡೆದವಳು ನಾನು, ನೆಲಕ್ಕೆ ಬೀಳುವಂಥ ಸುಲಭದ ವಿಷಯದಲ್ಲಿ ನಪಾಸಾದೆ. ನಾನು ಮೊದಲು ಕಣ್ಣು ಮುಚ್ಚುತ್ತಿದ್ದೆ, ಆಮೇಲೆ ಮ್ಯಾಟಿಗೆ ಬಡಿಯುತ್ತಿದ್ದೆ, ಕೊನೆಗೆ ನಿಧಾನವಾಗಿ ಬೀಳುತ್ತಿದ್ದೆ. ಮಾಸ್ಟರು ಒಂದೊಂದು ತಪ್ಪನ್ನೂ ಎಲ್ಲರೆದುರು ತಿದ್ದಿದರು. ಕೆಂಪು ಪೆನ್ನು ಮಾತ್ರ ಇರಲಿಲ್ಲ.

ಅದು ಮುಗಿದ ಮೇಲೆ ಎದುರಿನವರನ್ನು ಸೊಂಟದ ಮೇಲಿಂದ ಎತ್ತಿ ಹಾಕುವ ಪಟ್ಟು ಬಂತು. ಅದರ ಜಪಾನಿ ಹೆಸರು ಓ-ಗೋಶಿ ಎಂದರು. ನನಗೆ ಗೋಷ್ಠಿ ಎಂದು ಕೇಳಿಸಿತು. ನಾನು ಎಷ್ಟೋ ಗೋಷ್ಠಿಗಳಲ್ಲಿ ಬಿದ್ದು ಎದ್ದು ಬಂದವಳು, ಇದೇನೂ ಹೊಸತಲ್ಲ ಎಂದೆ. ಮಾಸ್ಟರು ಮುಖ ಸ್ವಲ್ಪವೂ ಬದಲಿಸದೆ ಹೇಳಿದರು: "ಇದರಲ್ಲಿ ಅಧ್ಯಕ್ಷರ ಭಾಷಣ ಇಲ್ಲ ಮೇಡಂ. ಬೇಗ ಮುಗೀತದೆ."

ಬಿಸಾಡುವುದು, ಮಲಗಿಸುವುದು

ಪಟ್ಟು ಕಲಿಯಲು ಜೋಡಿ ಬೇಕು. ಮಕ್ಕಳ ಜೊತೆ ನನ್ನನ್ನು ಹಾಕಿದರೆ ಕೇಸಾಗಬಹುದೆಂದು ಮಾಸ್ಟರು ನನ್ನ ವಯಸ್ಸಿನವರನ್ನೇ ಹುಡುಕಿ ಕೊಟ್ಟರು. ಕುವೈತಿನ ಆಸ್ಪತ್ರೆಯಲ್ಲಿ ಬಹಳ ವರ್ಷ ನರ್ಸ್ ಆಗಿದ್ದು ಊರಿಗೆ ಮರಳಿದ ಕೊಂಕಣಿ ಹೆಂಗಸು. ನಾನು ಅವರನ್ನು ಸಿಸ್ಟರ್ ಎಂದೆ, ಅವರು ನನ್ನನ್ನು ಟೀಚರ್ ಎಂದರು. ಕಾಲೇಜಿನಲ್ಲಿ ಕಲಿಸುವವರಿಗೆ ಲೆಕ್ಚರರ್ ಎನ್ನುತ್ತಾರೆ ಎಂದು ತಿಳಿಸಿದೆ. ಅದೇ ಅಲ್ವ, ಟೀಚರ್ ಎಂದರು.

ಊರಿಗೆ ಬಂದ ಮೇಲೆ ಸಿಸ್ಟರಿಗೆ ಇಗರ್ಜಿಯ ಕೊಯರಿನಲ್ಲಿ, ಎಂದರೆ ಚರ್ಚಿನ ಹಾಡುಗಾರರ ಗುಂಪಿನಲ್ಲಿ, ಹಾಡುವ ಆಸೆ ಇತ್ತಂತೆ. ಅವರ ಸ್ವರ ಕೇಳಿದ ಕೊಯರ್ ಮಾಸ್ಟರು, ನಿಮಗೆ ಬೇರೆ ಯಾವುದಾದರೂ ಸೇವೆ ಆಗಬಹುದು ಎಂದರಂತೆ. ಆ ಸಿಟ್ಟಿನಲ್ಲಿ ಸೀದಾ ಬಂದು ಜೂಡೋಗೆ ಸೇರಿದ್ದು. ಇಷ್ಟು ಸಿಟ್ಟಿದ್ದವರು ನನ್ನನ್ನು ಚೆನ್ನಾಗಿಯೇ ಬಿಸಾಡಿಯಾರು ಎಂದು ನಾನು ಗಲ್ಲ ಒತ್ತಿಕೊಂಡು ಸಿದ್ಧಳಾದೆ.

ಸಿಸ್ಟರ್ ನನ್ನ ಸೊಂಟಕ್ಕೆ ಕೈ ಹಾಕಿದರು, ತಿರುಗಿದರು, ಹಗುರವಾಗಿ ಎತ್ತಿದರು. ಅಷ್ಟರವರೆಗೆ ಅದು ಜೂಡೋ. ಆಮೇಲೆ ಅವರೊಳಗಿನ ನರ್ಸ್ ಎದ್ದು ಬಂದರು. ಒಂದು ಕೈ ನನ್ನ ಕುತ್ತಿಗೆಯ ಅಡಿಗೆ ಬಂತು, ಇನ್ನೊಂದು ಮೊಣಕಾಲಿನ ಅಡಿಗೆ. ಹೂವಿನ ಹಾಗೆ ನನ್ನನ್ನು ಮ್ಯಾಟಿನ ಮೇಲಿಟ್ಟು, ಕೋಟಿನ ಮಡಿಕೆ ಸರಿ ಮಾಡಿ, ತಲೆ ತಿರುಗ್ತದಾ ಎಂದು ವಿಚಾರಿಸಿದರು. ಅಕ್ಕನ ಆಪರೇಶನ್ನಿಗೆ ಅಷ್ಟು ದುಡ್ಡು ಸುರಿದ ಆಸ್ಪತ್ರೆಯಲ್ಲಿ ಕೂಡ ಯಾರೂ ಅವಳನ್ನು ಹೀಗೆ ಮಲಗಿಸಿದ್ದು ನಾನು ಕಾಣೆ.

ಬಿಸಾಡಿ ಸಿಸ್ಟರ್ ಎಂದರು ಮಾಸ್ಟರು. ಬಿಸಾಡಿದೆನಲ್ಲ ಎಂದರು ಸಿಸ್ಟರ್. ಇದು ಮಲಗಿಸಿದ್ದು, ಇನ್ನೊಮ್ಮೆ ಮಾಡಿ ಎಂದರು ಮಾಸ್ಟರು. ಎರಡನೆಯ ಸಲ ಸಿಸ್ಟರ್ ನನ್ನ ತಲೆಯಡಿಗೆ ಟವೆಲನ್ನೂ ಇಟ್ಟರು. ಮಾಸ್ಟರ ಸ್ವರ ಸ್ವಲ್ಪ ಏರಿತು. ಆಗ ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟು ಹೇಳಿದರು:

"ನನ್ನ ಇಡೀ ಸರ್ವೀಸಿನಲ್ಲಿ ಒಂದು ಪೇಷೆಂಟ್ ಕೆಳಗೆ ಬಿದ್ದದ್ದಿಲ್ಲ ಮಾಸ್ಟ್ರೆ. ಈಗ ಈ ಟೀಚರಿಂದಾಗಿ ನಾನು ಹೆಸರು ಹಾಳು ಮಾಡ್ಕೊಳ್ಬೇಕಾ?"

ನನ್ನ ಪರಾಕ್ರಮ

ಸಿಸ್ಟರಿಗೆ ಬಿಸಾಡಲು ಬಾರದಿದ್ದರೆ ಏನಾಯಿತು, ನನಗೆ ಬಂತು. ಮತ್ತೆ ಹೇಗೆ ಬಂತು ಎಂದರೆ, ನಾನೇ ಬೆರಗಾಗುವಷ್ಟು. ಅವರ ತೋಳು ಹಿಡಿದು ಸೊಂಟ ತಿರುಗಿಸಿದರೆ ಸಾಕು, ನನಗಿಂತ ದಪ್ಪಗಿನ ಸಿಸ್ಟರ್ ನನ್ನ ಬೆನ್ನಿನ ಮೇಲಿಂದ ಸರ್ರನೆ ಹಾರಿ ಮ್ಯಾಟಿಗೆ ಪಟಾರನೆ ಬಡಿದು ಬೀಳುತ್ತಿದ್ದರು. ಬೆವರು ಕೂಡ ಬರುತ್ತಿರಲಿಲ್ಲ. ನಮ್ಮ ಅಜ್ಜ ಗರಡಿಯಲ್ಲಿ ಸಾಮು ಮಾಡಿದವರಂತೆ, ರಕ್ತದಲ್ಲಿ ಬಂದಿರಬೇಕು ಎಂದು ಸ್ಟಾಫ್‌ರೂಮಿನಲ್ಲಿ ಹೇಳಿದೆ. ಒಂದೆರಡು ಸಲ ಅಲ್ಲ, ಕೇಳುವವರು ಎದ್ದು ಹೋಗುವವರೆಗೂ ಹೇಳಿದೆ. ಕಾಮರ್ಸಿನ ಗಂಡಸರು ನನ್ನ ಕುರ್ಚಿಯಲ್ಲಿ ಕೂರುವುದನ್ನು ಬಿಟ್ಟರು.

ಮಾಸ್ಟರು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಒಂದು ಸಂಜೆ ನನ್ನ ಹತ್ತಿರ ಬಂದು, ಈ ಸಲ ಸೊಂಟ ತಿರುಗಿಸಿ ಅಲ್ಲಿಗೇ ನಿಲ್ಲಿ, ಎಳೆಯಬೇಡಿ ಎಂದು ಕಿವಿಯಲ್ಲಿ ಹೇಳಿದರು. ನಾನು ಹಾಗೆಯೇ ಮಾಡಿದೆ. ಸೊಂಟ ತಿರುಗಿಸಿ ಬಸ್ಸಿಗೆ ಕಾಯುವವರ ಹಾಗೆ ಸುಮ್ಮನೆ ನಿಂತೆ. ಸಿಸ್ಟರ್ ತಮ್ಮಷ್ಟಕ್ಕೆ ತಾವೇ ನನ್ನ ಮೇಲಿಂದ ಹಾರಿ ಪಟಾರನೆ ಬಿದ್ದರು.

ಮಕ್ಕಳೆಲ್ಲ ನಕ್ಕರು. ಯಾವಾಗಿನಿಂದ ಹೀಗೆ ಎಂದು ಕೇಳಿದೆ. ಸುರುವಿನಿಂದಲೇ ಎಂದರು ಸಿಸ್ಟರ್. ಯಾಕೆ ಎಂದೆ. ಅವರು ಕೋಟು ಸರಿ ಮಾಡಿಕೊಳ್ಳುತ್ತ, "ನಿಮಗೆ ಖುಷಿ ಆಗ್ತಿತ್ತಲ್ಲ, ಟೀಚರ್" ಎಂದರು.

ಎದುರಿಗೆ ನಿಂತವರು ಗೋಡೆಯ ಹಾಗೆ ಗಟ್ಟಿಯಾಗಲೂಬಾರದು, ತಾವಾಗಿ ಹಾರಲೂಬಾರದು, ಹಾರಿದರೆ ಇಬ್ಬರೂ ಏನೂ ಕಲಿಯುವುದಿಲ್ಲ ಎಂದು ಮಾಸ್ಟರು ಉಪನ್ಯಾಸ ಕೊಟ್ಟರು. ನನ್ನ ಕಿವಿಗೆ ಅದು ಹೋಗಲಿಲ್ಲ. ನಾನೇನು ಔಷಧಿ ಕುಡಿಯಲು ಹಟ ಮಾಡುವ ರೋಗಿಯೇ, ಹೀಗೆ ಪುಸಲಾಯಿಸಲು ಎಂದು ಸಿಸ್ಟರಿಗೆ ಹೇಳಿ ಮೆಟ್ಟಿಲಿಳಿದು ಬಂದೆ. ಸಿಟ್ಟಿಗಿಂತ ನಾಚಿಕೆ ಹೆಚ್ಚಿತ್ತು. ಅಜ್ಜನ ಗರಡಿಯ ಸುದ್ದಿಯನ್ನು ಇನ್ನು ವಾಪಸು ಪಡೆಯುವಂತಿರಲಿಲ್ಲ.

ಸಿಸ್ಟರಿಗೂ ಬೇಸರವಾಗಿತ್ತು. ನಾನು ಹೋದ ಮೇಲೆ ಮಾಸ್ಟರ ಹತ್ತಿರ ಹೇಳಿದರಂತೆ: "ಕೊಯರಿನವರು ನನ್ನ ಹಾಡು ಮಾತ್ರ ಸರಿ ಇಲ್ಲ ಅಂದ್ರು. ಇವರಿಗೆ ನಾನು ಬಿದ್ದದ್ದು ಕೂಡ ಸರಿ ಇಲ್ಲ."

ಗಂಡನ ಮೇಲೆ ಪ್ರಯೋಗ

ಬೆಲ್ಟ್ ಪರೀಕ್ಷೆ ಹತ್ತಿರ ಬರುತ್ತಿತ್ತು. ಜೋಡಿ ಇಲ್ಲದೆ ಪರೀಕ್ಷೆಗೆ ಕೂರುವಂತಿಲ್ಲ, ಸಿಸ್ಟರ್ ಜೊತೆ ಮಾತಿಲ್ಲ. ಕೊನೆಗೆ ನನ್ನ ಗಂಡನನ್ನು ಕೇಳಿದೆ. ಅವರಿಗೆ ಪಣಂಬೂರಿನಲ್ಲಿ ಬಂದರಿನ ಕಚೇರಿ ಕೆಲಸ. ಹಿಂದೆ ಕಾಲೇಜು ಕಬಡ್ಡಿ ಟೀಮಿನಲ್ಲಿ ಆಡಿದ್ದಂತೆ. ಅದನ್ನು ಕಂಡವರು ಇವತ್ತಿನವರೆಗೆ ಯಾರೂ ಸಿಕ್ಕಿಲ್ಲ.

ಪಂಪ್‌ವೆಲ್ ಹತ್ತಿರದ ನಮ್ಮ ಫ್ಲಾಟಿನ ಹಾಲಿನಲ್ಲಿ ಹಾಸಿಗೆ ಹಾಸಿದೆ. ಇವರು ಬಂದು ಅದರ ಮೇಲೆ ನಿಂತು, ಎಂತ ಮಾರಾಯ್ತಿ, ಎತ್ತು ನೋಡುವ ಎಂದು ಸೋಫಾದ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಸೋಫಾ ಸಮೇತ ಎತ್ತುವುದನ್ನು ನಮಗೆ ಕಲಿಸಿರಲಿಲ್ಲ. ನನಗೆ ಏದುಸಿರು ಬಂದದ್ದೇ ಲಾಭ. ಇವರು, ಕಬಡ್ಡಿಯಲ್ಲಿ ನಾವು ಕಾಲು ಊರಿದ್ದೆಂದರೆ ಊರಿದ್ದೇ ಎಂದು ವಿವರಿಸಲು ತೊಡಗಿದರು.

ಅಷ್ಟರಲ್ಲಿ ಟೀಪಾಯಿಯ ಮೇಲೆ ಅವರ ಮೊಬೈಲು ಬಡಿದುಕೊಂಡಿತು. ಅದನ್ನು ತೆಗೆದುಕೊಳ್ಳಲು ಸೋಫಾ ಬಿಟ್ಟು ಮುಂದೆ ಬಗ್ಗಿದರು. ಎದುರಿನವರ ಭಾರ ಮುಂಗಾಲಿಗೆ ಬಂದಾಗ ಅವರ ತೋಳಿನಡಿಗೆ ಹೊಕ್ಕುಬಿಡಬೇಕು ಎಂದು ಮಾಸ್ಟರು ಹೇಳಿದ್ದು ಆ ಕ್ಷಣ ನನಗೆ ಅರ್ಥವಾಯಿತು. ಹೊಕ್ಕೆ. ಇವರು ನಿಜವಾಗಿಯೂ ಹಾರಿದರು. ಹಾಸಿಗೆ ಇದ್ದ ದಿಕ್ಕಿಗೆ ಅಲ್ಲ ಎಂಬುದೊಂದೇ ಕೊರತೆ.

ಬಾಗಿಲಿನ ಬೆಲ್ ಆಯಿತು. ಕೆಳಗಿನ ಮನೆಯ, ನಾವು ಅಕ್ಕ ಎಂದು ಕರೆಯುವ ಹೆಂಗಸು ಶಬ್ದ ಕೇಳಿ ಓಡಿ ಬಂದಿದ್ದರು. ಚೂಡಿದಾರದ ತೋಳು ಮಡಚಿ, ತಲೆಗೂದಲು ಬಿಗಿದು ಕಟ್ಟಿ ನಾನು ನಿಂತಿದ್ದೆ. ಇವರು ಗೋಡೆಯ ಬದಿಯಲ್ಲಿ ಸೊಂಟ ಹಿಡಿದುಕೊಂಡು ಬಿದ್ದಿದ್ದರು. ಎಂತ ಇಲ್ಲ ಅಕ್ಕ, ಪ್ರಾಕ್ಟೀಸ್ ಎಂದರು ಕಷ್ಟಪಟ್ಟು. ಅಕ್ಕ ಅವರನ್ನು ಬಹಳ ಹೊತ್ತು ನೋಡಿ, ಸಣ್ಣ ಸ್ವರದಲ್ಲಿ ಕೇಳಿದರು: "ದಿನಾ ಉಂಟಾ?"

ಮರುದಿನದಿಂದ ಲಿಫ್ಟಿನಲ್ಲಿ ಸಿಕ್ಕಿದವರೆಲ್ಲ ಇವರೊಬ್ಬರನ್ನೇ ಊಟ ಆಯಿತಾ ಎಂದು ಕೇಳತೊಡಗಿದರು. ಏನಾದರೂ ಇದ್ದರೆ ಹೇಳಿ, ನಾವೆಲ್ಲ ಇದ್ದೇವೆ ಎಂದು ಅಸೋಸಿಯೇಶನ್ ಸೆಕ್ರೆಟರಿ ಇವರ ಬೆನ್ನು ಸವರಿದರು. ಜೂಡೋ ಎಂದು ಒಂದೇ ಶಬ್ದದಲ್ಲಿ ಮುಗಿಸಬಹುದಿತ್ತು. ಇವರು ನಿಟ್ಟುಸಿರು ಬಿಟ್ಟರಂತೆ. ಆ ನಿಟ್ಟುಸಿರಿನ ಫಲವಾಗಿ ಆದಿತ್ಯವಾರ ಕೆಳಗಿನ ಅಕ್ಕ ಪತ್ರೊಡೆಯ ಡಬ್ಬಿ ತಂದರು. ನಾನು ಕೈ ಚಾಚಿದೆ. ಅಕ್ಕ ಡಬ್ಬಿಯನ್ನು ಇವರ ಕೈಗೇ ಕೊಟ್ಟು, ನನಗೆ ಕೇಳುವ ಹಾಗೆ ಹೇಳಿದರು: "ಇದು ನಿಮಗೆ ಮಾತ್ರ."

ಗ್ರಿಲ್ಲಿಗಿಂತ ವಾಸಿ

ನನ್ನ ಗಂಡ ಇನ್ನೊಮ್ಮೆ ಆ ಹಾಸಿಗೆಯ ಹತ್ತಿರ ಸುಳಿಯಲಿಲ್ಲ. ಪತ್ರೊಡೆ ಹೇಗೂ ಬರುತ್ತಿತ್ತು. ನಾನು ಪುನಃ ಕುದ್ರೋಳಿಗೆ ಹೋದೆ.

ಸಿಸ್ಟರ್ ಕಿಟಕಿಯ ಗ್ರಿಲ್ಲಿಗೆ ಒಂದು ಬೆಲ್ಟು ಕಟ್ಟಿ, ಅದನ್ನೇ ಎದುರಾಳಿಯ ತೋಳೆಂದು ಹಿಡಿದು, ಒಬ್ಬರೇ ತಿರುಗಿ ತಿರುಗಿ ಅಭ್ಯಾಸ ಮಾಡುತ್ತಿದ್ದರು. ಹತ್ತಿರ ಹೋಗಿ, ಗ್ರಿಲ್ಲಿಗಿಂತ ನಾನು ವಾಸಿ ಅಲ್ಲವಾ ಸಿಸ್ಟರ್ ಎಂದೆ. ಗ್ರಿಲ್ ಸಿಟ್ಟು ಮಾಡಿಕೊಂಡು ಮೆಟ್ಟಿಲು ಇಳಿದು ಹೋಗುವುದಿಲ್ಲ ಎಂದರು. ಆದರೂ ಬೆಲ್ಟು ಬಿಚ್ಚಿದರು.

ನಮ್ಮೊಳಗೆ ಒಪ್ಪಂದವಾಯಿತು. ಅವರು ತಾವಾಗಿ ಬೀಳಬಾರದು. ನಾನು ಹೆದರಿ ಕಂಬದ ಹಾಗೆ ಸೆಟೆದುಕೊಳ್ಳಬಾರದು. ಅವರು ಮಾತಿಗೆ ತಪ್ಪಲಿಲ್ಲ, ಹಾಗಾಗಿ ಎಷ್ಟೋ ದಿನ ನನ್ನಿಂದ ಅವರನ್ನು ಅಲುಗಾಡಿಸಲೂ ಆಗಲಿಲ್ಲ. ಸೊಂಟ ತಿರುಗಿಸಿದರೆ ಅವರು ಅಲ್ಲೇ ನಿಂತು, ಇಲ್ಲ ಟೀಚರ್, ಎಂತದೂ ಆಗ್ಲಿಲ್ಲ ಎಂದು ವರದಿ ಒಪ್ಪಿಸುತ್ತಿದ್ದರು. ಮೊದಲು ತೋಳನ್ನು ಎಳೆದು ಅವರನ್ನು ತುದಿಗಾಲಿಗೆ ತರಬೇಕು, ತಿರುಗುವುದೆಲ್ಲ ಆಮೇಲೆ ಎಂಬುದು ಆಗ ತಲೆಗೆ ಹೋಯಿತು. ಅವರು ನನ್ನನ್ನು ಪುಸಲಾಯಿಸುತ್ತಿದ್ದಷ್ಟು ಕಾಲ ಅದು ಹೋಗಿರಲಿಲ್ಲ.

ಒಂದು ಸಂಜೆ ಎಳೆದೆ, ತಿರುಗಿದೆ, ಬೆನ್ನ ಮೇಲೆ ಒಮ್ಮೆಲೇ ಇಡೀ ಭಾರ ಬಂದು ಅದೇ ಕ್ಷಣ ಇಲ್ಲವಾಯಿತು. ಸಿಸ್ಟರ್ ಮ್ಯಾಟಿನ ಮೇಲೆ ಅಂಗಾತ ಬಿದ್ದು ಮೇಲಿನ ಮಾಡು ನೋಡುತ್ತಿದ್ದರು. "ಟೀಚರ್, ಈ ಸಲ ನಾನು ಬಿದ್ದದ್ದಲ್ಲ" ಎಂದರು.

ನನಗೆ ಅಳು ಬಂತು. ಬಿದ್ದವರು ಎದ್ದು ಹೋಗಿ ನೀರು ತಂದು ನನಗೆ ಕುಡಿಸಿದರು.

ಪರೀಕ್ಷೆ

ಪರೀಕ್ಷೆ ಮಾಡಲು ಹೊರಗಿನಿಂದ ಒಬ್ಬರು ಬಂದಿದ್ದರು. ದೊಡ್ಡ ಆಳು, ಕಪ್ಪು ಬೆಲ್ಟು, ಹುಬ್ಬು ಗಂಟಿಕ್ಕಿದ ಮುಖ. ಮಕ್ಕಳದೆಲ್ಲ ಮುಗಿದ ಮೇಲೆ ನಮ್ಮಿಬ್ಬರ ಸರದಿ. ನಾನು ಸಿಸ್ಟರನ್ನು ಹಾಕಿದೆ. ಪರೀಕ್ಷಕರು ಆಗಬಹುದು ಎಂಬಂತೆ ತಲೆ ಆಡಿಸಿದರು. ಸಿಸ್ಟರ್ ನನ್ನನ್ನು ಹಾಕಿದರು. ಟವೆಲು ಇಡುವುದನ್ನು ಬಿಟ್ಟಿದ್ದರೂ ಇಳಿಸುವ ರೀತಿ ಇನ್ನೂ ಮೆತ್ತಗೆಯೇ ಇತ್ತು. ಪರೀಕ್ಷಕರು ಎದ್ದು ಬಂದರು. ಮಗುವನ್ನು ತೊಟ್ಟಿಲಿಗೆ ಹಾಕುತ್ತಿದ್ದೀರೋ ಎಂದು ವ್ಯಂಗ್ಯವಾಗಿ ಕೇಳಿ, ನಿಮ್ಮ ಪಾರ್ಟ್ನರ್ ಹೆದರುತ್ತಾರೆಂದು ಮೆತ್ತಗೆ ಇಳಿಸಿದ್ದೀರಿ, ನನ್ನನ್ನು ಹಾಕಿ ತೋರಿಸಿ, ಹಾಕಿದರೆ ಪಾಸ್, ಇಲ್ಲದಿದ್ದರೆ ಮುಂದಿನ ಸಲ ಎಂದು ಸಿಸ್ಟರ ಮುಂದೆ ನಿಂತರು.

ಸಿಸ್ಟರ್ ಅವರ ತೋಳು ಹಿಡಿದರು. ಆದರೆ ಕೈ ಅಲ್ಲಿ ನಿಲ್ಲದೆ ಮಣಿಕಟ್ಟಿಗೆ ಜಾರಿತು. ಗೋಡೆ ಗಡಿಯಾರ ನೋಡುತ್ತ ನಾಡಿ ಎಣಿಸತೊಡಗಿದರು. ಪರೀಕ್ಷಕರು ಏನೋ ಹೇಳಹೊರಟರು. ಮಾತಾಡಬೇಡಿ ಎಂದರು ಸಿಸ್ಟರ್, ಅವರು ಬಾಯಿ ಮುಚ್ಚಿದರು.

ಬಿಪಿ ಉಂಟಾ ಎಂದು ಕೇಳಿದರು. ಸ್ವಲ್ಪ ಉಂಟು ಎಂದರು ಅವರು. ಮಾತ್ರೆ ತೆಗೆದುಕೊಂಡಿದ್ದೀರಾ? ಬೆಳಿಗ್ಗೆ ಗಡಿಬಿಡಿಯಲ್ಲಿ ಮರೆತದ್ದಂತೆ. ರಾತ್ರಿ ನಿದ್ರೆ ಸರಿ ಬರ್ತದಾ? ಅಷ್ಟೇನಿಲ್ಲ. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದಾ? ಹಾಗೆ ಕೇಳಿದರೆ, ಹೌದು ಎಂದರು. ಸಿಸ್ಟರ್ ಒಂದೊಂದು ಉತ್ತರಕ್ಕೂ "ಹ್ಞೂಂ" ಎಂದರು. ಆ "ಹ್ಞೂಂ" ಕೇಳಿ ಬೇರೇನೂ ಕೇಳುವ ಧೈರ್ಯ ಯಾರಿಗೂ ಬರುವಂತಿರಲಿಲ್ಲ. ಪರೀಕ್ಷಕರ ಹುಬ್ಬಿನ ಗಂಟು ಮೆಲ್ಲಗೆ ಬಿಚ್ಚಿತು. ಹಣೆಯಲ್ಲಿ ಬೆವರು ಮೂಡಿತು. ಈಗ ಸ್ವಲ್ಪ ತಲೆ ತಿರುಗಿದ ಹಾಗೆ ಆಗ್ತಾ ಉಂಟು ಎಂದು ಅವರಾಗಿಯೇ ಹೇಳಿದರು.

ಹಾಗಾದರೆ ಮಲಗಿ ಎಂದರು ಸಿಸ್ಟರ್.

ಕಪ್ಪು ಬೆಲ್ಟಿನ ಆ ದೊಡ್ಡ ಆಳು ವಿಧೇಯರಾಗಿ ಮ್ಯಾಟಿನ ಮೇಲೆ ಅಂಗಾತ ಮಲಗಿದರು. ಸಿಸ್ಟರ್ ಅವರ ಬೆಲ್ಟು ಸಡಿಲಿಸಿ, ಕಾಲಿನಡಿಗೆ ಮಡಚಿದ ಕೋಟು ಇಟ್ಟರು. ನನ್ನನ್ನು ನಿಂಬೆ ಶರಬತ್ತಿಗೆ ಓಡಿಸಿದರು. ಆಮೇಲೆ ಡಾಕ್ಟರಿಗೆ ತೋರಿಸಿದಾಗ ಅವರಿಗೆ ಏನೂ ಆಗಿರಲಿಲ್ಲವಂತೆ, ಸಿಸ್ಟರ್ ಎಣಿಸಿದಾಗಲೂ ನಾಡಿ ಸರಿಯೇ ಇತ್ತಂತೆ. ಆಗ ಅದನ್ನು ಹೇಳುವ ಅಗತ್ಯ ಸಿಸ್ಟರಿಗೆ ಕಂಡಿರಲಿಲ್ಲ.

ಶರಬತ್ತು ಬಂದು, ಅರ್ಧ ಹೊಟ್ಟೆಗಿಳಿದ ಮೇಲೆ, ನಮ್ಮ ಮಾಸ್ಟರು ಹತ್ತಿರ ಹೋಗಿ ಬಗ್ಗಿ, ಸರ್, ಇವರ ರಿಸಲ್ಟ್ ಎಂತ ಬರೆಯುವುದು ಎಂದು ಮೆಲ್ಲಗೆ ಕೇಳಿದರು.

ಪರೀಕ್ಷಕರು ಮಲಗಿದಲ್ಲಿಂದಲೇ ಕಣ್ಣು ತೆರೆದು ಹೇಳಿದರು: "ಎತ್ತದೆ, ಎಳೆಯದೆ ನನ್ನನ್ನು ನೆಲಕ್ಕೆ ಹಾಕಿದ್ದಾರೆ. ಇನ್ನು ಎಂತ ನೋಡ್ಲಿಕ್ಕುಂಟು ಮಾರಾಯ್ರೆ? ಪಾಸ್ ಅಂತ ಬರೀರಿ."