ಬೀಗತೇರಿಗೆ ಒಂದ ತರದ ಸೀರಿ

ನೀವು ನಂಬಂಗಿಲ್ಲ ಬಿಡ್ರಿ! ಈಗ, ಈಗಷ್ಟ ಆಗೇದ. ನಾಕ್ ವರ್ಷದ ಹುಡುಗಿ ಒಂದು ಮಾತು ಕೇಳ್ಯಾಳ, ಮೀಸಿ ಬಂದಾಂವ ನಾನು ಫೋನ್ ಹಿಡಕೊಂಡು ಕುಂತೀನಿ. ಇಂಥಾವೆಲ್ಲಾ ಹುಡುಕ್ಯಾಡಿ ನನಗ ಬಂದು ಗಂಟು ಬೀಳ್ತಾವ ನೋಡ್ರಿ. ತಡೀರಿ, ಮೊದಲಿಂದ ಹೇಳ್ತೀನಿ.

ನಮ್ಮಕ್ಕ ಇಟಲ್ಯಾಗ ನರ್ಸ್. ಮಾವಾನೂ, ಅಂದ್ರ ಅಕ್ಕನ ಗಂಡಾನೂ, ಅಲ್ಲೇ ನರ್ಸ್. ಅಕ್ಕ ನಮ್ಮ ಮಾನ್ವಿಯಾಕಿ, ಮಾವ ದೇವದುರ್ಗದಾಂವ. ಇಬ್ರೂ ಡ್ಯೂಟಿಗೆ ಹೋದ್ರ ಅವರ ಮಗಳು ದಿನಾಪೂರ ಅಲ್ಲಿ ಬಾಲವಾಡ್ಯಾಗ. ಅದಕ್ಕ ಆಕಿ ಬಾಯಾಗ ಬರೀ ಇಟಾಲಿಯನ್. ಕನ್ನಡ ಅಂದ್ರ "ರೊಟ್ಟಿ", "ಮಾಮಾ" ಎರಡ. ಫೋನಿನ್ಯಾಗ ಮಾತಾಡುವಾಗ ಈ ಕಡೆ ನಮ್ಮವ್ವ, ಆ ಕಡೆ ಅವರ ಬೀಗತಿ, ಅಂದ್ರ ಮಾವನ ತಾಯಿ, ಇಬ್ರೂ "ಏನಂತಾಳೋ, ಏನಂತಾಳೋ" ಅಂತ ನನ್ನ ಜೀವ ತಿಂದ್ರು. ಡ್ಯೂಟಿ ಗಡಿಬಿಡ್ಯಾಗ ಅಕ್ಕಗ ಬಿಡಿಸಿ ಹೇಳಾಕ ಪುರಸೊತ್ತಿಲ್ಲ, ಕಡೀಕೆ ನಾನ ಮೊಬೈಲಿನ್ಯಾಗ ಇಟಾಲಿಯನ್ ಕಲ್ಯಾಕ ಕುಂತೆ.

೧. ಅಂಗಡ್ಯಾಗ ಪಾಠ

ನಾ ರಾಯಚೂರಾಗ ಒಂದು ಸೀರಿ ಅಂಗಡ್ಯಾಗ ಕೆಲಸ ಮಾಡ್ತೀನ್ರಿ. ಗಿರಾಕಿ ಇಲ್ಲದಾಗ ಕಿವ್ಯಾಗ ಪಾಠ. ಆ ವಾರದ ಪಾಠ ಏನಪಾ ಅಂದ್ರ, ಎರಡನ್ನ ಸಮ ಸಮ ಅನ್ನೂದು. 'ಇದು ಎಷ್ಟು ಚಂದೋ ಅದೂ ಅಷ್ಟ ಚಂದ' ಅನ್ನಾಕ 'ಚಂದ' ಅನ್ನೂದಕ್ಕಿಂತ ಮೊದಲ 'ತಾಂತೊ', ಆಮ್ಯಾಲ 'ಕ್ವಾಂತೊ'. ಇಲ್ಲಾಂದ್ರ ನಡುವ ಒಂದು 'ಕೋಮೆ' ಹಾಕಿದ್ರೂ ನಡೀತದ. ಎಷ್ಟು ಸಲೀಸು ಅಲ್ರೀ!

ಅಷ್ಟೊತ್ತಿಗೆ ಮದುವಿ ಜವಳಿಗೆ ಬಂದಾಕಿ ಒಬ್ಬಾಕಿ ಕೇಳಿದ್ಲು, "ತಮ್ಮಾ, ಈ ಹಸರದು ಚಲೋನೋ, ಆ ಅರಿಷಿಣದ್ದು ಚಲೋನೋ?"

ನಾ ಪಾಠದ ಗುಂಗಿನ್ಯಾಗ, "ಯವ್ವಾ, ಹಸರದು ಎಷ್ಟು ಚಂದೋ ಅರಿಷಿಣದ್ದೂ ಅಷ್ಟ ಚಂದ ನೋಡ್ರಿ" ಅಂದೆ.

"ಹಂಗಾರ ಎರಡೂ ಬ್ಯಾಡ ಬಿಡು" ಅಂತ ಎದ್ದ ಬಿಟ್ಲು!

ಅಂಗಡಿ ಮಾಲಕ ಚಾಚಾ ತಲಿಮ್ಯಾಲ ಕೈ ಹೊತ್ತ. "ಅರೇ, ಕ್ಯಾ ಕರ್ರಾ ರೇ ತೂ! ಒಂದನ್ನ ಬೈದ್ರನ ಇನ್ನೊಂದು ಮಾರತದಲೇ. ಸಮ ಅಂದ್ರ ಎರಡೂ ನೀನ ಉಟ್ಕೊಂಡು ಹೋಗ್!"

೨. ಯಾರು ಚಲೋ?

ಐತವಾರ ಮಾನ್ವಿಗೆ ಹೋದೆ. ಅಕ್ಕನ ಮನಿಗೆ ವಿಡಿಯೋ ಹಚ್ಚಿದ್ದ ತಡ, ನಮ್ಮವ್ವ ಮಗ್ಗಲಕ್ಕ ಬಂದು ಸಣ್ಣಗ ಅಂದ್ಲು, "ಕೇಳೋ ಅಕೀಗೆ, ನಾ ಚಲೋನೋ, ದೇವದುರ್ಗದಾಕಿ ಚಲೋನೋ?"

'ಹೆಚ್ಚು' ಅನ್ನೂ ಪಾಠ ಇನ್ನೂ ಬಂದಿದ್ದಿಲ್ರೀ! ನನಗ ಬರೂದು ಸಮ ಒಂದ. ಅದನ್ನ ಕೇಳಿದೆ: "ಮಾನ್ವಿ ಅಜ್ಜಿ ದೇವದುರ್ಗದ ಅಜ್ಜಿಯಷ್ಟ ಚಲೋ ಅದಾಳಾ?"

ಹುಡುಗಿ ಬಿದ್ದು ಬಿದ್ದು ನಕ್ಕಳು. "ಸೀ! ಉಗ್ವಾಲೆ!" ಅಂದ್ರ, ಹೂಂ, ಸಮ ಸಮ.

"ಏನಂದ್ಲೋ?"

"ಹೂಂ ಅಂದ್ಲು ಯವ್ವಾ."

ನಮ್ಮವ್ವ ಸೆರಗು ಸರಿ ಮಾಡಿಕೊಂಡ್ಲು. ಆಮ್ಯಾಲ ದೇವದುರ್ಗಕ್ಕ ಹೋದಾಗ ಅಲ್ಲಿ ಬೀಗತೀದೂ ಇದ ಪ್ರಶ್ನೆ, ಹುಡುಗೀದು ಇದ "ಹೂಂ". ನೀರಮಾನ್ವಿ ಊರಾಗ ಒಂದು ಮದುವ್ಯಾಗ ಬೀಗತೇರು ಎದುರಾಬದರಾ ಆದ್ರು. "ಮೊಮ್ಮಗಳು ನನಗ ಹೂಂ ಅಂದಾಳ." "ನಿನಗ್ಯಾವಾಗ ಅಂದ್ಲು? ನನಗ ಅಂದಾಳ!" ಇಬ್ರೂ ಒಮ್ಮಿಗೇ ನನ್ನ ಕಡೆ ತಿರುಗಿದ್ರು. ನಾ ಎಲಿ ಮ್ಯಾಲಿನ ಬುಂದೆ ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡ್ ಹಿಡದೆ.

೩. ಒಂದ ಗಂಟಿನ ಸೀರಿ

ಅವತ್ತಿಂದ ಬೀಗತೇರ ಮಾತು ಬಂದ್. ನಮ್ಮ ಕಡೆ ನಿಮಗ ಗೊತ್ತಲ್ಲ, ಬೀಗರಿಗೆ ಬಟ್ಟಿ ತಂದ್ರ ಎರಡೂ ಕಡೆ ಸಮ ಇರಬೇಕು. ಒಂದು ಎಳಿ ಹೆಚ್ಚುಕಡಿಮಿ ಆತೋ, ಮುಗೀತು. ಇದರಾಗಾದ್ರೂ ರಾಜಿ ಆಗ್ಲಿ ಅಂತ ಉಗಾದಿಗೆ ಒಂದ ಗಂಟಿನಾಗಿಂದ ಎರಡು ಸೀರಿ ತಂದೆ. ಅದ ಜಾಂಬಳಿ ಬಣ್ಣ, ಅದ ಹಳದಿ ಅಂಚು.

ನಮ್ಮವ್ವ ಅಂದ್ಲು, "ಆಕೀಗೆ ಕೊಟ್ಟದ್ದನ್ನ ನನಗ್ಯಾಕ ತಂದಿ?"

ಆಕಿ ಅಂದ್ಲು, "ನಿಮ್ಮವ್ವಗ ತಂದದ್ದನ್ನ ನನಗ್ಯಾಕಪಾ?"

ಇದೊಂದು ಮಾತು ಮಾತ್ರ ಇಬ್ರದೂ ಸಮ ಬಂತು ನೋಡ್ರಿ! ಆದ್ರೂ ಮೊಮ್ಮಗಳ ಫೋನ್ ಅಂದ್ರ ಇಬ್ರೂ ಅದನ್ನ ಉಡೋರು. ಮೊದಲ ಇಬ್ರಿಗೂ ಕಣ್ಣಿನ ಕ್ಯಾಂಪಿನ್ಯಾಗ ಕೊಟ್ಟ ಒಂದ ನಮೂನಿ ಕನ್ನಡಕ. ಹಣೀ ತುಂಬ ಕುಂಕುಮ, ಮೂಗಿನ್ಯಾಗ ಮೂಗುಬಟ್ಟು.

೪. ಇವತ್ತು

ಇವತ್ತು ಮುಂಜಾನೆ ದೇವದುರ್ಗದ ಬೀಗತಿ ತಾನಾಗೇ ಬಂದು ನಮ್ಮ ಮನಿ ಹೊಸ್ತಿಲ ತುಳದ್ಲು. "ಇವತ್ತು ಇಬ್ರ ಎದುರಿಗೇ ಕೇಳಪಾ. ಆಕಿ ಬಾಯಾಗ ಯಾರ ಹೆಸರು ಬರತದ ಬರ್ಲಿ. ನಂದಲ್ಲಾಂದ್ರ ಮತ್ತ ಈ ಮನಿಗೆ ಬರಂಗಿಲ್ಲ."

"ನಂದಲ್ಲಾಂದ್ರ ನಾ ದೇವದುರ್ಗದ ಬಸ್ ಹತ್ತಂಗಿಲ್ಲ" ಅಂದ್ಲು ನಮ್ಮವ್ವ.

ಒಂದ ಹೊರಸಿನ ಮ್ಯಾಲ ಇಬ್ರೂ ಕುಂತ್ರು, ನಡುವ ನೀರಿನ ತಂಬಿಗಿ. ಫೋನ್ ಹಚ್ಚಿದೆ. ಈಗ ನನಗ 'ಹೆಚ್ಚು' ಅನ್ನೂ ಪಾಠಾನೂ ಆಗಿತ್ತು, ಅದಕ್ಕ ತಪ್ಪಿಸ್ಕೊಳ್ಳಾಕ ದಾರಿ ಇದ್ದಿಲ್ಲ.

ಹುಡುಗಿ ಸ್ಕ್ರೀನ್ ನೋಡಿದ್ಲು. ಕಣ್ಣು ದೊಡ್ಡು ಮಾಡಿದ್ಲು. ಚಿಟ್ಟನ ಚೀರಿದ್ಲು, "ಮಮ್ಮಾ! ದೂಯೆ ನೋನ್ನೆ!"

ಅಂದ್ರ, ಇಬ್ರು ಅಜ್ಜೇರು!

ಆಗ ಹೊಳೀತ್ರೀ ನನಗ! ಇಷ್ಟು ದಿನ ಹುಡುಗಿ ಇಬ್ರೂ ಒಬ್ಬಾಕೀನ ಅಂತ ತಿಳಕೊಂಡಾಳ! ಒಬ್ಬಾಕೀನ ಅಜ್ಜಿ, ಒಮ್ಮೆ ಮಾನ್ವಿ ಅಡಿಗಿಮನ್ಯಾಗ ಕುಂದರ್ತಾಳ, ಒಮ್ಮೆ ದೇವದುರ್ಗದ ಕಟ್ಟಿಮ್ಯಾಲ. ಅಜ್ಜಿ ತನ್ನಷ್ಟ ತಾನ ಚಲೋ ಅದಾಳಾ ಅಂತ ನಾ ಕೇಳಿದಂಗಾತು, ಅದಕ್ಕ ಅವತ್ತು "ಸಮ ಸಮ" ಅಂತ ಬಿದ್ದು ನಕ್ಕದ್ದು!

ಹುಡುಗಿ ಸ್ಕ್ರೀನಿಗೆ ಮೂಗು ಹಚ್ಚಿದ್ಲು. ಪುಟ್ಟ ಬೆರಳಿಂದ ಈಕಿ ಗಲ್ಲ ಮುಟ್ಟಿದ್ಲು, ಆಕಿ ಗಲ್ಲ ಮುಟ್ಟಿದ್ಲು. ಅಳೂ ಮಾರಿ ಮಾಡಿದ್ಲು. ನನಗ ಅಷ್ಟ ತಿಳಿಯೂವಂಗ ಇಟಾಲಿಯನ್ನಿನ್ಯಾಗ ಕೇಳಿದ್ಲು, "ಮಾಮಾ, ಇವರಾಗ ಖರೇ ಅಜ್ಜಿ ಯಾರು?"

ಅಕ್ಕ ಡ್ಯೂಟಿಗೆ ಹೊಂಟಾಳ, ಒಳಗ ಬಾಚಣಿಕಿ ಹುಡುಕಾಕತ್ತಾಳ. ಇಲ್ಲಿ ನಮ್ಮವ್ವ ತಂಬಿಗಿ ಸರಿಸಿ ಬೀಗತಿ ಕೈ ಗಟ್ಟಿ ಹಿಡದಾಳ, ಹಿಡದದ್ದು ಆಕೀಗೂ ಖಬರಿಲ್ಲ, ಈಕೀಗೂ ಖಬರಿಲ್ಲ. ಒಂದ ಸೀರಿ, ಒಂದ ಕನ್ನಡಕ, ನಾಕು ಕಣ್ಣು ನನ್ನ ಮ್ಯಾಲ.

"ಏನಂದ್ಲೋ? ಯಾರಂತೋ?"

ಆ ಕಡೆ ಹುಡುಗಿ ಕಾಯಾಕತ್ತಾಳ, ಈ ಕಡೆ ಇಬ್ರು ಕಾಯಾಕತ್ತಾರ, ಫೋನ್ ನನ್ನ ಕೈಯಾಗದ. ಹೇಳ್ರೀ ಮತ್ತ, ನೀವಾಗಿದ್ರ ಏನ್ ಮಾಡ್ತಿದ್ರಿ?