ಅವೇರ್‌ನೆಸ್ಸಿಗೆ ಸುತ್ತಿದ ಪಟಗಾ

ಇಂಗ್ಲಿಷಿನ ‘ಅವೇರ್’ ಎಂಬ ಶಬ್ದದ ಮೇಲೆ ನನಗೆ ವಿಶೇಷ ಮೋಹವಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೆಣ್ಣುಮಕ್ಕಳ ಶಾಲೆ ಬಿಡಿಸುವುದಿರಲಿ, ಮದುವೆ ಮೆರವಣಿಗೆಯಲ್ಲಿ ಕಿವಿ ಹರಿಯುವ ಡೀಜೆ ಇರಲಿ, ‘ಜನ ಅವೇರ್ ಆಗಿಲ್ಲ’ ಎಂದುಬಿಟ್ಟರೆ ಅರ್ಧ ಹೋರಾಟ ಮುಗಿದಷ್ಟು ಸಮಾಧಾನವಾಗುತ್ತದೆ. ಕನ್ನಡದ ‘ಅರಿವು’ ತುಸು ಭಾರ; ಅದಕ್ಕಾಗಿ ಕಣ್ಣು ಮುಚ್ಚಿ ಕುಳಿತುಕೊಳ್ಳಬೇಕೇನೋ ಎನಿಸುತ್ತದೆ. ‘ಗೊತ್ತು’ ತೀರ ಹಗುರ. ಅದು ಎಲ್ಲರಿಗೂ ಇರುತ್ತದೆ. ಮರಾಠಿಯ ‘ಜಾಣೀವ’ಕ್ಕೆ ಸರಕಾರಿ ಫಲಕದ ಬಣ್ಣದ ವಾಸನೆ. ನನ್ನ ಭಾಷಣಗಳಿಗೆ ಒಗ್ಗುವುದು ‘ಅವೇರ್’ ಒಂದೇ.

ಗಡಿಯಾಚೆಯ ನಮ್ಮ ಜತ್ತ ತಾಲೂಕಿನಲ್ಲಿ, ಮುಚ್ಚಂಡಿ ಊರು ದಾಟಿದ ಮೇಲೆ ರಸ್ತೆಯ ಪಕ್ಕದಲ್ಲಿ ಕುರಿ ಸಾಕುವವರ ವಸ್ತಿಯೊಂದಿದೆ; ಹೊಲದಲ್ಲೇ ಕಟ್ಟಿಕೊಂಡ ನಾಲ್ಕಾರು ಮನೆಗಳು. ಅಲ್ಲಿಯ ಸುರೇಖಾ ಜತ್ತದ ಕಾಲೇಜಿಗೆ ಹೆಸರು ಹಚ್ಚಿದ್ದಳು. ದರಿಬಡಚಿಯಿಂದ ಬರುವ ಬೆಳಗಿನ ಬಸ್ಸಿಗೆ ಅಲ್ಲಿ ನಿಲುಗಡೆಯಿದ್ದರೂ ಆ ಗಾಡಿ ನಿಲ್ಲುತ್ತಿರಲಿಲ್ಲ. ಹುಡುಗಿ ಕೈ ಮಾಡುತ್ತಿದ್ದಳು; ಡ್ರೈವರ್ ದೂರದ ಆಕಾಶ ನೋಡುತ್ತ ಹೋಗಿಬಿಡುತ್ತಿದ್ದ. “ದೀಪಾವಳಿ ತನಕ ನೋಡ್ತೀನಿ. ಗಾಡಿ ನಿಲ್ಲಲಿಲ್ಲಂದ್ರ ಸಾಲಿ ಸಾಕು, ಕುರಿ ಹಿಂದ ಹೋಗ್ಲಿ” ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದ.

ಇಂಥ ಅನ್ಯಾಯವನ್ನು ನಾನು ಸಹಿಸುವವನಲ್ಲ. ಕೂಡಲೇ ವಸ್ತಿಯಲ್ಲಿ ಅವೇರ್‌ನೆಸ್ ಸಭೆ ಕರೆದು, ಸ್ತ್ರೀಶಿಕ್ಷಣದಿಂದ ಆರಂಭಿಸಿ ಸಾರಿಗೆಯ ಸಮಾನತೆಯವರೆಗೆ ವಿಸ್ತಾರವಾಗಿ ಮಾತನಾಡಿದೆ. ಉಣ್ಣೆ ನೂಲುತ್ತಿದ್ದ ಸುರೇಖಾಳ ಅಜ್ಜಿ ಮಾಯಕ್ಕ ನಡುವೆ ಬಾಯಿ ಹಾಕಿದಳು.

“ಸರ, ಆ ನಿಮ್ಮ ಅವೇರ ಅಂದ್ರ ಏನ್ರಿ?”

“ಕಣ್ಣಿಗೆ ಕಂಡದ್ದು ಮನಸಿಗೂ ಮುಟ್ಟೂದು, ಆಯಿ.”

“ಹಂಗಾದ್ರ ನಮಗ್ಯಾಕ ಹೇಳಾಕತ್ತೀರಿ? ಮುಟ್ಟಬೇಕಾದಾಂವ ಗಾಡ್ಯಾಗ ಕುಂತಾನ.”

ಅರ್ಜಿ ಬರೆಯೋಣ ಎಂದೆ. “ಅದು ಸಾಹೇಬ್ರ ಟೇಬಲ್ ಮುಟ್ಟೂದ್ರಾಗ ಹುಡುಗೀದು ಮದಿವಿ ಆಕ್ಕೈತಿ” ಎಂದಳು.

ನಮ್ಮ ಭಾಗಕ್ಕೆ ಸತ್ಕಾರವೆಂಬ ರೋಗವೊಂದು ಅಂಟಿದೆ. ಸೊಸೈಟಿಯ ಚೇರ್ಮನ್ ಆದವನಿಗೂ ಸತ್ಕಾರ, ಆಗದೆ ಉಳಿದವನಿಗೂ ಸತ್ಕಾರ: ಶಾಲು, ತೆಂಗಿನಕಾಯಿ, ತಲೆಗೆ ಬಣ್ಣದ ರುಮಾಲು ಸುತ್ತಿದ ಪಟಗಾ. ಇದು ಶುದ್ಧ ವ್ಯಕ್ತಿಪೂಜೆ ಎಂದು ನಾನು ಖಂಡಿಸದ ವೇದಿಕೆಯಿಲ್ಲ. ಹೀಗಿರುವಾಗ ಮಾಯಕ್ಕ ವಸ್ತಿಯ ಹೆಂಗಸರನ್ನೂ ಮೊಮ್ಮಗಳನ್ನೂ ಟಮ್‌ಟಮ್ ರಿಕ್ಷಾದಲ್ಲಿ ತುಂಬಿಕೊಂಡು, ಆರತಿ ತಟ್ಟೆಯೊಂದಿಗೆ ಜತ್ತದ ಬಸ್ ಸ್ಟ್ಯಾಂಡಿಗೆ ಹೊರಟರೆ ನನಗೆ ಹೇಗಾಗಬೇಡ! ತಡೆಯಲೆಂದೇ ಹಿಂದೆ ಓಡಿದೆ. ಅಷ್ಟರಲ್ಲಿ ಚಹಾ ಕುಡಿಯುತ್ತಿದ್ದ ಆ ಗಾಡಿಯ ಡ್ರೈವರನ ತಲೆಗೆ ಪಟಗಾ ಏರಿಬಿಟ್ಟಿತ್ತು.

“ಏನಿದು ಮಾವಶಿ?”

“ಸತ್ಕಾರಪ್ಪಾ. ನಮ್ಮ ವಸ್ತ್ಯಾಗ ದಿನಾ ಗಾಡಿ ನಿಲ್ಲಸ್ತೀಯಲ್ಲ, ಅದಕ್ಕ.”

“ನಾ ಒಂದಿನಾನೂ ನಿಲ್ಲಿಸಿಲ್ಲಲ್ರೀ!”

“ನಿಲ್ಲಸಾಂವ ಅದಿ ಬಿಡು. ತಲಿ ಅಳಗಾಡಿಸಬ್ಯಾಡ, ಕುಂಕುಮ ಮೂಗಿಗೆ ಹತ್ತತೈತಿ.”

ಸ್ಟ್ಯಾಂಡಿನ ಜನ ಚಪ್ಪಾಳೆ ತಟ್ಟಿದರು, ಮೊಬೈಲುಗಳು ಮೇಲೆದ್ದವು. ಡ್ರೈವರ್ ಸುತ್ತಲೂ ನೋಡಿದ. ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತಿದ್ದ ಸುರೇಖಾಳನ್ನೂ ನೋಡಿದ. ಅವನ ಮುಖದಲ್ಲಿ ಆಗ ಮೂಡಿದ್ದೇ ನಾನು ಇಷ್ಟು ವರ್ಷ ವೇದಿಕೆಯ ಮೇಲಿಂದ ವಿವರಿಸಲು ಒದ್ದಾಡಿದ ಆ ಶಬ್ದದ ಅರ್ಥ.

ಮರುದಿನ ಗಾಡಿ ನಿಂತಿತು. ಈಗಂತೂ ಅವನೇ ಹಾರ್ನ್ ಹೊಡೆದು “ಲಗೂನ ಬಾ ತಂಗೀ” ಎಂದು ಕರೆಯುತ್ತಾನೆ. ದೀಪಾವಳಿ ಕಳೆಯಿತು, ಅಪ್ಪ ಕುರಿಯ ಮಾತೆತ್ತಲಿಲ್ಲ. ಹನ್ನೆರಡನೆಯದರ ನಂತರ ಏನು ಓದಿಸಬೇಕೆಂದು ಮೊನ್ನೆ ನನ್ನನ್ನೇ ಕೇಳಿದ.

ಆದರೂ ಹಕ್ಕಿನ ನಿಲುಗಡೆಗೆ ಆರತಿ ಎತ್ತಬೇಕಾದದ್ದು ತಪ್ಪೇ ತಪ್ಪು. ಇದನ್ನು ಸವಿಸ್ತಾರವಾಗಿ ಮನಗಾಣಿಸಲೆಂದು ಮತ್ತೆ ವಸ್ತಿಗೆ ಹೋದೆ. “ಬರ್ರಿ ಸರ, ಕುಂದ್ರಿ” ಎಂದು ಕಂಬಳಿ ಹಾಸಿದ ಮಾಯಕ್ಕ, ನಾನು ಬಾಯಿ ತೆರೆಯುವ ಮೊದಲೇ ನನ್ನ ತಲೆಗೂ ಪಟಗಾ ಸುತ್ತತೊಡಗಿದಳು.

“ನನಗ್ಯಾಕ, ಆಯಿ?”

“ಭಾಷಣ ಭಾಳ ಲಗೂನ ಮುಗಸ್ತೀರಲ್ರೀ, ಅದಕ್ಕ.”

ಎದ್ದು ನಿಂತು ನಮಸ್ಕಾರ ಎಂದೆ. ಅಷ್ಟೇ ಭಾಷಣ; ಅವೇರ್ ಆಗಿ ಕುಳಿತುಬಿಟ್ಟೆ.