ಮಗ್ಗದ ಮೇಲಿನ ಇಂಗ್ಲಿಷು

ಪರದೇಶಕ್ಕೆ ಹೋಗಲು ಸಮುದ್ರ ದಾಟಬೇಕೆಂದು ತಿಳಿದವರು ಅಕ್ಕಲಕೋಟೆಯಲ್ಲಿ ಹುಟ್ಟಿದವರಲ್ಲ. ನಮಗೆ ಹೋಟಗಿ ಸ್ಟೇಶನ್ನು ದಾಟಿದರೆ ಸಾಕು. ನಮ್ಮೂರಿಗೆ ನಮ್ಮದೇ ರಾಜರು, ನಮ್ಮದೇ ದರಬಾರು. ಸೊಲ್ಲಾಪುರವೋ ಇಂಗ್ರೇಜರ ಮುಲುಕು. ಅಲ್ಲಿಯ ಒಂದು ಖಾಸಗಿ ಕ್ಲಾಸಿನಲ್ಲಿ ಇಂಗ್ಲಿಷ್ ಕಲಿಸುವ ನೌಕರಿ ಸಿಕ್ಕಾಗ ನಮ್ಮವ್ವ ನನ್ನ ಹಣೆಗೆ ವಿಭೂತಿ ಹಚ್ಚಿ, ಮಗ ವಿಲಾಯತಿಗೇ ಹೊರಟನೆಂಬಂತೆ ಅತ್ತಳು. ಅಳದೆ ನಿಂತವರು ನನ್ನ ಮಾವ ಒಬ್ಬರೇ. ಮದುವೆಯಾಗಿ ಎರಡು ದೀಪಾವಳಿ ಕಳೆದರೂ ಅವರು ಮಗಳನ್ನು ನನ್ನ ಮನೆಗೆ ಕಳಿಸಿರಲಿಲ್ಲ. "ನೌಕರಿ ಕಾಯಂ ಆಗ್ಲಿ, ಆಮ್ಯಾಲ ಗಂಗೂನ ಕಳಸ್ತೀನಿ. ಪರಮುಲಕಿನ ಚಾಕರಿ, ಏನ್ ಭರೋಸಾ?" ಎಂದುಬಿಟ್ಟರು. ಗಂಗೂ ಅವರ ಮನೆಯ ಬಾಗಿಲ ಸಂದಿಯಿಂದ ನೋಡಿದಳು. ಆ ನೋಟವನ್ನು ಮಾತ್ರ ಕಟ್ಟಿಕೊಂಡು ರೈಲು ಹತ್ತಿದೆ. ಅವ್ವ ಕಟ್ಟಿದ ಬುತ್ತಿ ಮನೆಯಲ್ಲೇ ಉಳಿಯಿತು.

ಕ್ಲಾಸು ನವಿ ಪೇಠದ ಹಿಂದಿನ ಓಣಿಯಲ್ಲಿ, ಹಲಗೆ ಹೊದಿಸಿದ ಮಹಡಿಯ ಮೇಲೆ. ತಲೆಯ ಮೇಲೆ ತಗಡು, ಕಾಲ ಕೆಳಗೆ ಕೈಮಗ್ಗಗಳು. ಕ್ಲಾಸಿಗೂ ಮಗ್ಗಗಳಿಗೂ ಮಾಲಕರು ಒಬ್ಬರೇ. ತಗಡಿನಿಂದ ಬೆಂಕಿ ಇಳಿಯುತ್ತಿತ್ತು, ಹಲಗೆಯ ಸಂದಿನಿಂದ ಖಟ್ ಖಟ್ ಎಂಬ ಸದ್ದು ಏರುತ್ತಿತ್ತು. ನಡುವೆ ನಾನು ವ್ಯಾಕರಣ ಹೇಳಬೇಕು. ಮಗ್ಗಗಳನ್ನು ಒಂದು ತಾಸಾದರೂ ನಿಲ್ಲಿಸಿರೆಂದು ಬೇಡಿಕೊಂಡೆ. ಮಾಲಕರು, "ಮಾಸ್ತರ್, ಮಗ್ಗಾ ನಿಂತ್ರ ಮಾಲ್ ಯಾರ್ ಕೊಡ್ತಾರ್ರಿ? ನೀವ ಜರಾ ಜೋರಲೇ ಕಲಸ್ರಿ," ಎಂದರು. ಕಲಿಯುವವರೆಲ್ಲ ಪೇಠದ ಬಟ್ಟೆ ಅಂಗಡಿಗಳ ಗುಮಾಸ್ತರು, ಮೀಸೆ ಹೊತ್ತವರು. ನಾವು ಒಂದು ಉಪಾಯ ಕಂಡುಕೊಂಡೆವು. ಎರಡು ಏಟಿನ ನಡುವೆ ಒಂದೊಂದೇ ಶಬ್ದ ತೂರಿಸುವುದು. ಐ, ಖಟ್, ಗೋ, ಖಟ್, ಹೋಮ್, ಖಟ್. ಹೀಗೆ ಕಲಿತ ಇಂಗ್ಲಿಷು ಇಂಗ್ಲೆಂಡಿನಲ್ಲೂ ಇರಲಾರದು.

ಊಟದ ನಂತರದ ಕ್ಲಾಸು ಮಾತ್ರ ಬೇರೆಯೇ ಲೋಕ. ಆ ಸದ್ದೇ ಜೋಗುಳವಾಗುತ್ತಿತ್ತು. ಬಣ್ಣದ ನೂಲಿನ ವಾಸನೆ, ಕಿಟಕಿಯಲ್ಲಿ ತೇಲುವ ಹತ್ತಿಯ ಎಳೆ, ಗುಮಾಸ್ತರ ಗುನುಗು; ನನ್ನ ಕಣ್ಣು ಮುಚ್ಚಿದವೆಂದರೆ ಮಹಡಿ ಹಡಗಾಗುತ್ತಿತ್ತು, ಮಗ್ಗಗಳು ಅದರ ಇಂಜಿನ್ನು. ಸುತ್ತ ನೀಲಿ ನೀರು. ಗಂಗೂ ಪಕ್ಕದಲ್ಲಿ ಕೂತು, ಇದು ಯಾವ ಊರ್ರಿ ಎಂದು ಕೇಳುತ್ತಿದ್ದಳು. ಟೊಪ್ಪಿಗೆಯ ಕಪ್ತಾನ ಬಂದು ಏನೋ ಕೇಳುತ್ತಿದ್ದ, ನಾನು ಏನೂ ತಿಳಿಯದೆ "ಯಸ್ ಸರ್" ಎನ್ನುತ್ತಿದ್ದೆ. ಅಷ್ಟರಲ್ಲಿ ಹಡಗು ಕೂಗುತ್ತಿತ್ತು. ಕಣ್ಣು ತೆರೆದರೆ ಅದು ಊರ ಬಟ್ಟೆ ಗಿರಣಿಯ ಭೋಂಗಾ. ಗುಮಾಸ್ತರೂ ಒಟ್ಟಾಗಿ "ಯಸ್ ಸರ್" ಎಂದು ಕಲಿಯುತ್ತಿದ್ದರು. ಅದು ಪಾಠವೆಂದೇ ಅವರು ತಿಳಿದಿದ್ದರು.

ಒಂದು ದಿನ ಮಾಲಕರು ಏದುಸಿರು ಬಿಡುತ್ತ ಬಂದರು. ಗಿರಣಿಗೆ ಇಂಗ್ಲಿಷ್ ಬಲ್ಲ ಗುಮಾಸ್ತರು ಬೇಕೆಂದು ಅಲ್ಲಿಯ ಗೋರಾ ಸಾಹೇಬರು ಕ್ಲಾಸು ನೋಡಲು ಬರುತ್ತಾರೆ, ಅವರು ಮೆಚ್ಚಿದರೆ ನಾನು ಕಾಯಂ, ಇಲ್ಲದಿದ್ದರೆ ಅಕ್ಕಲಕೋಟೆ. ಸಾಹೇಬರಿಗೆ ತೊಂದರೆಯಾಗಬಾರದೆಂದು ಅಂದು ಮಾಲಕರೇ ಮಗ್ಗಗಳನ್ನು ನಿಲ್ಲಿಸಿದರು. ಸಾಹೇಬರು ಕೂತರು. ಮೊದಲ ಸಾಲಿನ ಶಿವಲಿಂಗಪ್ಪನನ್ನು ಹೆಸರೇನೆಂದು ಇಂಗ್ಲಿಷಿನಲ್ಲಿ ಕೇಳಿದರು. ಶಿವಲಿಂಗಪ್ಪ ಬಾಯಿ ತೆರೆದು ಹಾಗೇ ನಿಂತ. ಎರಡನೆಯವನೂ ಹಾಗೆಯೇ. ಆ ಮೌನ ಎಷ್ಟು ದೊಡ್ಡದಿತ್ತೆಂದರೆ ನನಗೇ ಒಂದು ಶಬ್ದ ನೆನಪಾಗಲಿಲ್ಲ. ಬಾಗಿಲ ಸಂದಿಯ ಆ ಮುಖ ಕಣ್ಣ ಮುಂದೆ ಬಂದು ನನಗೆ ಅಳುವೇ ಬಂತು. ಆಗ ಶಿವಲಿಂಗಪ್ಪ ಪಿಸುಗುಟ್ಟಿದ: "ಮಾಸ್ತರ್ರ, ಖಟ್ ಇಲ್ದ ಹ್ಯಾಂಗ್ ಬರ್ತೈತ್ರಿ?" ಎಂದವನೇ ಹಿಮ್ಮಡಿಯಿಂದ ಹಲಗೆಯನ್ನು ಬಡಿದ. ಖಟ್. "ಮೈ," ಖಟ್, "ನೇಮ್," ಖಟ್. ಎಲ್ಲರೂ ಬಡಿಯತೊಡಗಿದರು. ಮಹಡಿ ನಡುಗಿತು, ಇಂಗ್ಲಿಷು ಧಾರಾಕಾರ ಸುರಿಯಿತು. ನೋಡಿದರೆ ಸಾಹೇಬರ ಬೂಟೂ ತಾಳ ಹಾಕುತ್ತಿದೆ! ಗಿರಣಿಯ ಸದ್ದಿನಲ್ಲಿ ಕೇಳುವಂತೆ ಮಾತಾಡುವ ಜನ ಇವರೇ, ಮಾಸ್ತರನನ್ನು ಬಿಡಬೇಡಿ ಎಂದು ಹೇಳಿ ಹೋದರು. ನಾನು ಕಾಯಂ ಆದೆ. ಕ್ಲಾಸಿನ ಹೊತ್ತಿಗೆ ಇನ್ನೂ ಎರಡು ಮಗ್ಗ ಹೆಚ್ಚಿಗೆ ನಡೆಸುವುದೆಂದು ಮಾಲಕರು ಅಂದೇ ಅಪ್ಪಣೆ ಕೊಟ್ಟರು.

ಗಂಗೂ ಬಂದಳು. ಮನೆಯಲ್ಲಿ ಮಗ್ಗವಿಲ್ಲ, ಹಾಯಾಗಿರಬಹುದೆಂದುಕೊಂಡಿದ್ದೆ. ಆದರೆ ಅವಳು ಜೋಳದ ರೊಟ್ಟಿ ಬಡಿಯಲು ಕೂತಳೆಂದರೆ ಆ ಪಟಪಟ ಸದ್ದಿಗೆ ನನ್ನ ಕಣ್ಣು ಮುಚ್ಚುತ್ತವೆ, ಹಡಗು ಹೊರಡುತ್ತದೆ, ಬಾಯಿ ತಾನಾಗಿ "ಯಸ್ ಸರ್" ಎನ್ನುತ್ತದೆ. ಆ ಎರಡು ಶಬ್ದಗಳ ಅರ್ಥ ಅವಳು ಬೇಗ ಕಲಿತಳು; ಕೇಳುವುದನ್ನೆಲ್ಲ ಈಗ ರೊಟ್ಟಿ ಬಡಿಯುವಾಗಲೇ ಕೇಳುತ್ತಾಳೆ. "ನಮ್ಮಪ್ಪಗ ಅಲ್ಲಿ ಒಬ್ಬಂವಗ ಬ್ಯಾಸರಂತ. ಇಲ್ಲೇ ಕರಕೊಂಡ್ ಬರೂಣೇನ್ರಿ?" ಎಂದು ಹೋದ ತಿಂಗಳು ಕೇಳಿದಳಂತೆ. ನಾನು ಏನೆಂದೆನೋ ನನಗೆ ನೆನಪಿಲ್ಲ. ಮಾವ ಬಂದಿದ್ದಾರೆ. ಪರಮುಲಕು ಅವರಿಗೆ ಒಗ್ಗಿದೆ, ಕಾಯಂ ಆಗಿದ್ದಾರೆ.